ಸಿಟ್ಟಾದವರ ಪಕ್ಕದಲ್ಲಿ ಕೂರೋಣ



2025ರ ಜೂನ್ 26ರ ನಂತರ ಹೂಗ್ಯಂ ಎಂಬ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅದುವರೆಗೆ ರಾಮಾಪುರ, ಮಾರ್ಟಳ್ಳಿ, ಮೀಣ್ಯಂ ಕಡೆ ಓಡಾಡುವವರನ್ನು ಬಿಟ್ಟರೆ ಹೊರಗಿನವರು ಆ ಹೆಸರನ್ನು ಹೆಚ್ಚು ಕೇಳಿರಲಿಲ್ಲ. ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ, ಮೀಣ್ಯಂ ಕಾಡಿನೊಳಗೆ, ಒಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಹತ್ತಿರದಲ್ಲೇ ಹಸುವೊಂದರ ಕಳೇಬರ ಸಿಕ್ಕಿತು. ಹುಲಿ ಹಸುವನ್ನು ಹಿಡಿದ ಸಿಟ್ಟಿಗೆ ಆ ಕಳೇಬರಕ್ಕೆ ವಿಷ ಹಾಕಿದರು ಎಂಬ ಆರೋಪದ ಮೇಲೆ ಬಂಧನಗಳಾದವು. ತಪ್ಪು ಯಾರದು, ಎಷ್ಟು ಎಂಬುದನ್ನು ನ್ಯಾಯಾಲಯ ಹೇಳಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಅದೇ ವನ್ಯಧಾಮದ ಹನೂರು ವಲಯದಲ್ಲಿ ಇನ್ನೊಂದು ಹುಲಿಯ ದೇಹ ತುಂಡುತುಂಡಾಗಿ ಸಿಕ್ಕಿತು. ಅಲ್ಲೂ ಕೇಳಿಬಂದದ್ದು ಅದೇ ಕಾರಣ. ದನ ಹೋಯಿತು, ಸಿಟ್ಟು ಬಂತು.

ಹುಲಿಯ ಬಗ್ಗೆ, ಕಾಡಿನ ಬಗ್ಗೆ ಬಲ್ಲವರು ಬರೆದಿದ್ದಾರೆ, ಇನ್ನೂ ಬರೆಯುತ್ತಾರೆ. ನಾನು ನಿಮ್ಮೊಡನೆ ಮಾತಾಡಬೇಕಾಗಿರುವುದು ಆ ಸಿಟ್ಟಿನ ಬಗ್ಗೆ. ಸಿಟ್ಟಿಗಿಂತ ಒಂದು ಹೆಜ್ಜೆ ಮುಂದೆ ಓಡುವ ನಮ್ಮ ನಾಲಿಗೆಯ ಬಗ್ಗೆ. ಹೂಗ್ಯಂ ನಿಮ್ಮೂರಲ್ಲದೆ ಇರಬಹುದು. ನೀವು ಕೊಳ್ಳೇಗಾಲದ ಪೇಟೆಯವರಿರಬಹುದು, ಯಳಂದೂರಿನ ಗದ್ದೆಬಯಲಿನವರಿರಬಹುದು. ಆದರೂ ಈ ಮಾತು ನಿಮ್ಮ ಮನೆಯ ಜಗುಲಿಗೂ ಸಲ್ಲುತ್ತದೆ ಎಂದು ನಂಬಿದ್ದೇನೆ.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಂಡುಬಿಡೋಣ. ಹಸು ಕಳೆದುಕೊಂಡವರಿಗೆ ಸಿಟ್ಟು ಬರುವುದು ನ್ಯಾಯ. ಮಳೆ ನಂಬಿ ರಾಗಿ, ಜೋಳ ಬೆಳೆಯುವ ಈ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಮನೆ ನಡೆಯುವುದು ದನದಿಂದ. ಬೆಳಿಗ್ಗೆ ಡೇರಿಗೆ ಹಾಲು ಹೋಗಬೇಕು, ಹೊಲಕ್ಕೆ ಗೊಬ್ಬರ ಬೀಳಬೇಕು. ಮಗಳ ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದಾಗ ಕರು ಮಾರಬೇಕು. ಅಂಥ ಹಸುವಿಗೆ ಹೆಸರಿರುತ್ತದೆ. ಅದನ್ನು ಮನೆಯ ಹೆಂಗಸರು ಮಗುವಿನ ಹಾಗೆ ಕರೆಯುತ್ತಾರೆ. ಸಂಜೆ ದೊಡ್ಡಿಗೆ ಬಾರದ ಹಸುವನ್ನು ಹುಡುಕುತ್ತ ಹೋದವರಿಗೆ ಅದು ಅರ್ಧ ತಿಂದ ಸ್ಥಿತಿಯಲ್ಲಿ ಸಿಕ್ಕರೆ ಅವರ ಹೊಟ್ಟೆ ಉರಿಯದೆ ಇದ್ದೀತೆ? ಆ ಉರಿಯನ್ನು ತಪ್ಪು ಎನ್ನುವವರು ದನ ಕಟ್ಟಿದವರಲ್ಲ.

ಆದರೆ ಸಿಟ್ಟು ಬರುವುದಕ್ಕೂ ಕೈ ಏಳುವುದಕ್ಕೂ ನಡುವೆ ಸ್ವಲ್ಪ ಹೊತ್ತು ಇರುತ್ತದೆ. ಹುಲಿ ತಾನು ಕೊಂದ ಬೇಟೆಗೆ ಒಂದೆರಡು ದಿನ ಮತ್ತೆ ಮತ್ತೆ ಬರುತ್ತದೆ. ಕಳೇಬರಕ್ಕೆ ವಿಷ ಹಾಕಬೇಕೆಂದು ಹೊರಟವರು ಯಾರೇ ಆಗಲಿ ಮನೆಗೆ ಹೋಗಬೇಕು, ಔಷಧದ ಡಬ್ಬಿ ಹುಡುಕಬೇಕು, ಮತ್ತೆ ಕಾಡಿನ ದಾರಿ ಹಿಡಿಯಬೇಕು. ಅಷ್ಟು ದೂರ ಸಿಟ್ಟು ನಡೆದುಕೊಂಡು ಹೋಗಬೇಕು. ನನ್ನ ಮನವಿಯೆಲ್ಲ ಆ ನಡುವಿನ ಹೊತ್ತಿಗೆ ಸಂಬಂಧಿಸಿದ್ದು. ಆ ಹೊತ್ತಿನಲ್ಲಿ ನೀವು, ನಾನು, ಅಕ್ಕಪಕ್ಕದವರು ಏನು ಮಾಡುತ್ತೇವೆ?

ನಮ್ಮ ಊರುಗಳಲ್ಲಿ ಸಿಟ್ಟಾದವರು ಒಬ್ಬರೇ ಇರುವುದು ಕಡಿಮೆ. ನಾಲ್ಕು ಜನ ಸೇರುತ್ತಾರೆ. ಸೇರುವುದು ಒಳ್ಳೆಯದೇ. ಅದು ನಮ್ಮ ಹಳ್ಳಿಗಳ ದೊಡ್ಡ ಗುಣ. ಆದರೆ ಸೇರಿದ ನಾಲ್ವರಲ್ಲಿ ಒಬ್ಬರ ಬಾಯಿಂದ ಒಂದು ಬೈಗುಳ ಬರುತ್ತದೆ. ಅದು ಹುಲಿಗಿರಬಹುದು, ಗಾರ್ಡಿಗಿರಬಹುದು, ಇಲಾಖೆಗಿರಬಹುದು. ಎರಡನೆಯವರು ಇನ್ನೊಂದು ಸೇರಿಸುತ್ತಾರೆ. ಮೂರನೆಯವರು ಕೇಳುತ್ತಾರೆ: “ಇಷ್ಟಾದ್ರೂ ಸುಮ್ಕಿದ್ದೀಯಲ್ಲ, ಗಂಡಸಾ ನೀನು?” ಹಸು ಕಳೆದುಕೊಂಡವರು ಅದುವರೆಗೆ ಅಳುತ್ತಿದ್ದರು. ಈಗ ಅಳುವುದಕ್ಕೆ ನಾಚಿಕೆಯಾಗುತ್ತದೆ. ದುಃಖ ಹೋಗಿ ಅವಮಾನ ಕೂರುತ್ತದೆ. ದುಃಖಕ್ಕೆ ಸಮಾಧಾನ ಹೇಳಬಹುದು. ಅವಮಾನ ಮಾತ್ರ ತೀರಿಸಿಕೊಳ್ಳಲು ದಾರಿ ಹುಡುಕುತ್ತದೆ.

ಆ ಮೂರನೆಯವರಿಗೆ ನನ್ನ ಮೊದಲ ವಿನಂತಿ. ನೀವು ಕೆಟ್ಟವರಲ್ಲ. ನೆಂಟರ ಪರವಾಗಿ, ನೆರೆಯವರ ಪರವಾಗಿ ನಿಲ್ಲಬೇಕೆಂಬ ಪ್ರೀತಿಯಿಂದಲೇ ಆ ಮಾತು ಬಂದಿರುತ್ತದೆ. ಅದೇ ಪ್ರೀತಿಯಿಂದ ಇನ್ನೊಂದು ಮಾತು ಆಡಿ ನೋಡಿ. “ಕುಂತ್ಕೊ ಅಣ್ಣಯ್ಯ, ನೀರು ಕುಡಿ. ನಾನು ಇಲ್ಲೇ ಇವ್ನಿ. ಮುಂದ್ಲುದ್ನ ಆಮ್ಯಾಕೆ ನೋಡ್ಮ.” ಇಷ್ಟೇ ಸಾಕು. ಉಪದೇಶ ಬೇಡ. ‘ಸಿಟ್ಟು ಮಾಡ್ಕೋಬೇಡ’ ಎಂದು ಹೇಳುವುದೂ ಬೇಡ, ಹಾಗೆಂದರೆ ಯಾರ ಸಿಟ್ಟೂ ಇಳಿದದ್ದಿಲ್ಲ. ಪಕ್ಕದಲ್ಲಿ ಕೂತಿರಿ. ರಾತ್ರಿ ಆದರೂ ಕೂತಿರಿ. ಅವರನ್ನು ಒಬ್ಬರೇ ಮನೆಗೆ ಕಳಿಸಬೇಡಿ.

ಬೈದರೆ ಮನಸ್ಸು ಹಗುರಾಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಈ ನಂಬಿಕೆಯನ್ನು ಗೌರವದಿಂದಲೇ ಸ್ವಲ್ಪ ಪರೀಕ್ಷಿಸೋಣ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಅವರ ಜೊತೆಗಾರರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮಂಜಿನಂತೆ ತಣ್ಣಗಿರುವ ನೀರಿನಲ್ಲಿ ಕೈ ಅದ್ದಿಕೊಂಡು ಕೂರುವುದು. ಬೈಗುಳದ ಪದ ಹೇಳುತ್ತ ಕೂತವರು, ಸಾದಾ ಪದ ಹೇಳುತ್ತ ಕೂತವರಿಗಿಂತ ಹೆಚ್ಚು ಹೊತ್ತು ನೋವು ತಡೆದುಕೊಂಡರು. ಹಾಗಾದರೆ ಬೈಗುಳದಲ್ಲಿ ಏನೋ ಬಲ ಇದೆ ಎಂದಾಯಿತು. ಕಾಲಿಗೆ ಕಲ್ಲು ಬಿದ್ದಾಗ ಬಾಯಿಂದ ಬಂದ ಒಂದು ಮಾತಿಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸ್ಟೀಫನ್ಸ್ ಅವರೇ 2011ರಲ್ಲಿ ಇನ್ನೊಂದು ಸಂಗತಿ ಕಂಡುಕೊಂಡರು. ದಿನವೂ ಹೆಚ್ಚು ಬೈಯುವವರಿಗೆ ಆ ಬಲ ಕಡಿಮೆ ಸಿಕ್ಕಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಬೈಯುವ ಬಾಯಿಗೆ ನಿಜವಾದ ನೋವಿನ ಹೊತ್ತಿನಲ್ಲಿ ಆ ಮಾತಿನಿಂದಲೂ ಹೆಚ್ಚು ನೆರವಿಲ್ಲ.

ಇದು ದೇಹದ ನೋವಿನ ಮಾತಾಯಿತು. ಸಿಟ್ಟಿನ ಮಾತು ಬೇರೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 154 ಅಧ್ಯಯನಗಳನ್ನು ಒಟ್ಟುಮಾಡಿ 2024ರಲ್ಲಿ ಒಂದು ವಿಮರ್ಶೆ ಪ್ರಕಟಿಸಿದರು. ಹತ್ತು ಸಾವಿರಕ್ಕೂ ಹೆಚ್ಚು ಜನರ ಅನುಭವ ಅದರಲ್ಲಿತ್ತು. ಸಿಟ್ಟನ್ನು ಹೊರಗೆ ಹಾಕಿದರೆ, ಕೂಗಿದರೆ, ಗುದ್ದಿದರೆ ಅದು ಖಾಲಿಯಾಗುತ್ತದೆ ಎಂಬುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಓಡುವುದರಿಂದಲೂ ಸಿಟ್ಟು ಇಳಿಯಲಿಲ್ಲ, ಬದಲಿಗೆ ಏರಿತು. ಇಳಿಸಿದ್ದು ದೇಹವನ್ನು ತಣ್ಣಗೆ ಮಾಡುವ ಕೆಲಸಗಳು: ನಿಧಾನವಾಗಿ ಉಸಿರಾಡುವುದು, ಮೈಕೈ ಸಡಿಲ ಬಿಡುವುದು, ಧ್ಯಾನ, ಯೋಗ. ಸಿಟ್ಟು ಬಂದಾಗ ಎದೆ ಹೊಡೆದುಕೊಳ್ಳುತ್ತದೆ, ಮೈ ಬಿಸಿಯಾಗುತ್ತದೆ. ಕೂಗಾಟ ಅದನ್ನು ಹೆಚ್ಚು ಮಾಡುತ್ತದೆ. ‘ಕುಂತ್ಕೊ, ನೀರು ಕುಡಿ’ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದರಲ್ಲಿ ಹುರುಳಿದೆ.

ಈ ಸೀಮೆಯ ನಾವು ಉಸಿರು ಬಿಡುವಾಗ ಮಲೆ ಮಹದೇಶ್ವರನನ್ನು, ನಮ್ಮ ಮಾದಪ್ಪನನ್ನು, ಕರೆಯುತ್ತೇವೆ. ಬೆಟ್ಟ ಹತ್ತುವಾಗ, ತಲೆಯ ಮೇಲಿನ ಹೊರೆ ಇಳಿಸುವಾಗ, ದುಡಿದು ಬಂದು ಜಗುಲಿಯ ಮೇಲೆ ಕೂರುವಾಗ ‘ಉಸ್ಸಪ್ಪಾ ಮಾದಪ್ಪಾ’ ಎಂಬ ಮಾತು ತಾನಾಗಿ ಬರುತ್ತದೆ. ಬೈಗುಳ ಬಿಡಬೇಕು ಎಂದುಕೊಂಡವರಿಗೆ ನಾನು ಹೇಳುವುದು ಇದನ್ನೇ. ಹೊಸ ಮಾತು ಕಲಿಯಬೇಕಾಗಿಲ್ಲ. ನಾಲಿಗೆಯ ತುದಿಗೆ ಕೆಟ್ಟ ಮಾತು ಬಂದ ಕ್ಷಣ ಈ ಹಳೆಯ ಮಾತನ್ನು ಉದ್ದಕ್ಕೆ, ಉಸಿರು ಪೂರ್ತಿ ಹೋಗುವ ಹಾಗೆ ಹೇಳಿ. ನಿಮ್ಮ ದೇವರು ಬೇರೆಯಾದರೆ ಆ ಹೆಸರನ್ನೇ ಹೇಳಿ. ಮಾರ್ಟಳ್ಳಿಯ ಕ್ರೈಸ್ತ ಬಂಧುಗಳಿಗೂ ಒಡೆಯರಪಾಳ್ಯದ ಟಿಬೆಟನ್ ಬಂಧುಗಳಿಗೂ ಅವರವರ ಮಾತಿದೆ. ದೇವರ ಹೆಸರು ಬೇಡ ಎನ್ನುವವರು ‘ಅಯ್ಯೋ’ ಎಂದರೂ ಆಯಿತು. ಬಾಯಿಗೆ ಏನಾದರೂ ಬೇಕು. ಬಾಯಿ ಮುಚ್ಚಿಕೊಂಡಿರುತ್ತೇನೆಂದು ಹಟ ತೊಟ್ಟರೆ ಮೂರನೆಯ ದಿನಕ್ಕೆ ಹಳೆಯ ಮಾತೇ ಹೊರಗೆ ಬರುತ್ತದೆ.

ಮಾದಪ್ಪನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳುತ್ತೇನೆ. ನಮ್ಮ ಸ್ವಾಮಿ ಏರಿರುವುದು ಹುಲಿಯನ್ನು. ಎಪ್ಪತ್ತೇಳು ಮಲೆಯ ಒಡೆಯನಿಗೆ ಹುಲಿವಾಹನ ಸೇವೆ ಹರಸಿಕೊಂಡು ಬರುವ ಒಕ್ಕಲು ನಾವು. ಕಂಸಾಳೆಯವರು ಹಾಡುವ ಕಥೆಯಲ್ಲಿ ಹುಲಿ ಕಾಡಿನ ಭಯವೂ ಹೌದು, ದೇವರ ಬಂಟನೂ ಹೌದು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಬಾಳಿದವರು ನಮ್ಮ ಹಿರಿಯರು. ಅವರಿಗೂ ದನ ಹೋಗಿತ್ತು. ಅವರಿಗೂ ಹೊಟ್ಟೆ ಉರಿದಿತ್ತು.

ಇನ್ನು ಬೈಗುಳದ ಒಳಗೆ ಏನಿದೆ ಎಂಬುದನ್ನು ನಾವು ಒಮ್ಮೆ ತಣ್ಣಗೆ ಕೂತು ನೋಡಬೇಕು. ಆ ಪದಗಳನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತು. ಜಗಳ ಆಡುತ್ತಿರುವವರು ಇಬ್ಬರು ಗಂಡಸರು. ಬೈಗುಳದಲ್ಲಿ ಬರುವವರು ಅಲ್ಲಿ ಇಲ್ಲದ ಹೆಣ್ಣುಮಕ್ಕಳು. ಒಬ್ಬರ ತಾಯಿ, ಇನ್ನೊಬ್ಬರ ಅಕ್ಕ, ಗಂಡನನ್ನು ಕಳೆದುಕೊಂಡ ಯಾರೋ ಒಬ್ಬ ಹೆಂಗಸು. ನೀರಿನ ಪಾಳಿಗಾಗಿ, ಬದುವಿಗಾಗಿ, ಬಸ್ಸಿನ ಸೀಟಿಗಾಗಿ ನಡೆದ ಜಗಳದಲ್ಲಿ ಅವರು ಮಾಡಿದ್ದೇನು? ಮನೆಯೊಳಗೆ ಕೂತು ಅದನ್ನು ಕೇಳಿಸಿಕೊಳ್ಳುವ ಹೆಂಗಸರಿಗೆ ಹೇಗಿರುತ್ತದೆ ಎಂದು ನಾವು ಕೇಳಿದ್ದು ಕಡಿಮೆ. ಈ ವಾರ ನಿಮ್ಮ ಮನೆಯಲ್ಲಿ ಕೇಳಿ ನೋಡಿ. ಉತ್ತರ ಬರುವವರೆಗೆ ಕಾಯಿರಿ.

ಮಹಾರಾಷ್ಟ್ರದ ನೇವಾಸೆ ತಾಲೂಕಿನಲ್ಲಿ ಸೌಂದಾಳ ಎಂಬ ಹಳ್ಳಿ ಇದೆ. 2024ರ ನವೆಂಬರ್ 28ರಂದು ಅಲ್ಲಿನ ಗ್ರಾಮಸಭೆ ಒಂದು ಠರಾವು ಮಾಡಿತು. ತಾಯಿ, ಅಕ್ಕತಂಗಿಯರ ಹೆಸರು ಹಿಡಿದು ಬೈದವರಿಗೆ 500 ರೂಪಾಯಿ ದಂಡ. ಹೆಣ್ಣುಮಕ್ಕಳ ಮಾನ ಕಾಯಲು ಈ ಕೆಲಸ ಎಂದು ಊರಿನ ಸರಪಂಚರು ಹೇಳಿದರು. ದಂಡದಿಂದಲೇ ನಾಲಿಗೆ ತಿದ್ದಿಕೊಳ್ಳುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ದಂಡ ಕಟ್ಟುವವರು ಬಡವರೇ ಆಗಿಬಿಡುವ ಅಪಾಯವೂ ಇದೆ. ಆದರೆ ಇಡೀ ಊರು ಒಂದು ಕಡೆ ಕೂತು ‘ಇದು ನಮಗೆ ಬೇಡ’ ಎಂದು ಹೇಳಿದ್ದು ದೊಡ್ಡದು. ಅಷ್ಟನ್ನು ನಾವೂ ಮಾಡಬಹುದು.

ಜಾತಿ ಹಿಡಿದು ಬೈಯುವ ವಿಚಾರ ಇನ್ನೂ ಗಂಭೀರವಾದದ್ದು. ಸಾರ್ವಜನಿಕರ ಕಣ್ಣೆದುರಿನಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರನ್ನು ಜಾತಿ ಹೆಸರೆತ್ತಿ ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಕಾನೂನಿನ ಭಯಕ್ಕಾಗಿ ಇದನ್ನು ಹೇಳುತ್ತಿಲ್ಲ. ಒಂದೇ ಕೆರೆ, ಒಂದೇ ಬಸ್ಸು, ಒಂದೇ ಶಾಲೆಯಲ್ಲಿ ಬದುಕುವ ನಮ್ಮ ಮಕ್ಕಳು ಆ ಮಾತನ್ನು ಮೊದಲು ಕೇಳುವುದು ಎಲ್ಲಿ? ನಮ್ಮ ಮನೆಯ ಊಟದ ಹೊತ್ತಿನಲ್ಲಿ, ನಾವು ಯಾರ ಮೇಲೋ ಸಿಟ್ಟಾಗಿ ಆಡಿಕೊಳ್ಳುವಾಗ. ಅಲ್ಲಿ ನಾವು ಆಡದಿದ್ದರೆ ಶಾಲೆಯ ಅಂಗಳಕ್ಕೆ ಆ ಮಾತು ಹೋಗುವ ದಾರಿ ಅರ್ಧ ಮುಚ್ಚಿದಂತೆ.

ನಮ್ಮದು ಗಡಿ. ಕನ್ನಡ, ತಮಿಳು ಎರಡೂ ಓಡಾಡುವ ಊರುಗಳು. ಕಲ್ಲು ಕ್ವಾರಿಗೋ ತೋಟಕ್ಕೋ ಕೂಲಿಗೆ ಹೋದ ಹುಡುಗರು ಬೇರೆ ಭಾಷೆಯ ಊರಿನಲ್ಲಿ ಮೊದಲು ಕಲಿಯುವುದು ಬೈಗುಳ. ಅರ್ಥ ಗೊತ್ತಿಲ್ಲದೆ ತಮಾಷೆಗೆ ಆಡಿದ ಮಾತು ಹೊಡೆದಾಟಕ್ಕೆ ಹೋಗುತ್ತದೆ. ಹುಡುಗರೇ, ನಿಮ್ಮಲ್ಲಿ ಒಂದು ಪ್ರೀತಿಯ ಕೋರಿಕೆ. ಪಕ್ಕದ ಭಾಷೆಯವರಿಂದ ಮೊದಲು ‘ಊಟ ಆಯ್ತಾ’ ಎಂಬುದನ್ನು ಕಲಿಯಿರಿ. ಗೆಳೆಯರ ನಡುವೆ ಪ್ರೀತಿಗೆ ಬೈದುಕೊಳ್ಳುತ್ತೇವೆ ಎನ್ನುತ್ತೀರಿ, ಒಪ್ಪುತ್ತೇನೆ. ಆದರೆ ನಾಲಿಗೆಗೆ ಪ್ರೀತಿಯ ಬೈಗುಳ ಯಾವುದು, ಸಿಟ್ಟಿನ ಬೈಗುಳ ಯಾವುದು ಎಂದು ಗೊತ್ತಾಗುವುದಿಲ್ಲ. ರೂಢಿಯಾದದ್ದು ಎಲ್ಲ ಕಡೆಯೂ ಬರುತ್ತದೆ.

ಫೋನಿನ ಬಗ್ಗೆಯೂ ಒಂದು ಮಾತು. ಮುಂಚೆ ಜಗಳ ಆಡಬೇಕಾದರೆ ಎದುರು ಮನೆಗೆ ನಡೆದು ಹೋಗಬೇಕಿತ್ತು. ಆ ನಾಲ್ಕು ಹೆಜ್ಜೆಯಲ್ಲಿ ಸಿಟ್ಟು ಸ್ವಲ್ಪ ಇಳಿಯುತ್ತಿತ್ತು. ಈಗ ವಾಟ್ಸಾಪಿನಲ್ಲಿ ಗುಂಡಿ ಒತ್ತಿ ಹಿಡಿದು ಬೈದು ಕಳಿಸಿದರೆ ಮುಗಿಯಿತು. ಆ ಧ್ವನಿ ಹತ್ತು ಗುಂಪಿಗೆ ಹೋಗುತ್ತದೆ. ನಾಳೆ ಇಬ್ಬರೂ ರಾಜಿಯಾದರೂ ಆ ಧ್ವನಿ ರಾಜಿಯಾಗುವುದಿಲ್ಲ. ಸಿಟ್ಟಿನಲ್ಲಿ ಆಡಬೇಕೆನಿಸಿದ್ದನ್ನು ಬೇಕಾದರೆ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಓದಿ, ಆಮೇಲೆ ಕಳಿಸಿ. ಬೇರೆಯವರ ಬೈಗುಳ ನಿಮ್ಮ ಫೋನಿಗೆ ಬಂದರೆ ಅದು ನಿಮ್ಮಲ್ಲೇ ನಿಲ್ಲಲಿ.

ಅರಣ್ಯ ಇಲಾಖೆಯವರಿಗೂ ಊರಿನವರಿಗೂ ಒಟ್ಟಿಗೆ ಒಂದು ವಿನಂತಿ ಇದೆ. ನನ್ನ ಮಟ್ಟಿಗೆ ಇದು ಈ ಮನವಿಯ ಮುಖ್ಯ ಭಾಗ. ಕಾಡಂಚಿನಲ್ಲಿ ಸಿಟ್ಟು ಹುಲಿಯಿಂದ ಶುರುವಾಗುವುದಕ್ಕಿಂತ ಮುಂಚೆ ಎಷ್ಟೋ ಸಲ ಏಕವಚನದಿಂದ ಶುರುವಾಗುತ್ತದೆ. ಚೆಕ್‌ಪೋಸ್ಟಿನಲ್ಲಿ ‘ಏಯ್, ಎಲ್ಲಿಗೋ’ ಎಂದು ಅರವತ್ತರ ಮುದುಕರನ್ನು ಕೇಳುತ್ತಾರೆ. ಇತ್ತ ಊರಿಗೆ ಬಂದ ವಾಚರನ್ನು ನಾವು ಕಳ್ಳನನ್ನು ಬೈದಂತೆ ಬೈಯುತ್ತೇವೆ. ಆ ವಾಚರು ಯಾರು? ನಮ್ಮದೇ ಹಟ್ಟಿಯ ಹುಡುಗ, ಸೋಲಿಗರ ಪೋಡಿನ ಮಗ. ಕಡಿಮೆ ಸಂಬಳಕ್ಕೆ ರಾತ್ರಿಯೆಲ್ಲ ಆನೆಯ ದಾರಿಯಲ್ಲಿ ನಡೆಯುವವನು. ಅಧಿಕಾರಿಗಳೇ, ದಯವಿಟ್ಟು ನೀವು ಮೊದಲು ‘ಬನ್ನಿ’ ಎನ್ನಿ. ದನ ಕಳೆದುಕೊಂಡವರು ಕಚೇರಿಗೆ ಬಂದರೆ ಕುರ್ಚಿ ಕೊಡಿ, ಅರ್ಜಿಗೆ ರಸೀತಿ ಕೊಡಿ, ಹಣ ಯಾವಾಗ ಬರುತ್ತದೆಂದು ನಿಜ ಹೇಳಿ. ತಡವಾಗುವುದಾದರೆ ತಡವಾಗುತ್ತದೆ ಎಂದೇ ಹೇಳಿ. ಊರಿನವರೇ, ನಾವೂ ವಾಚರನ್ನು ಹೆಸರು ಹಿಡಿದು ಮರ್ಯಾದೆಯಿಂದ ಮಾತಾಡಿಸೋಣ. ನಾಳೆ ರಾತ್ರಿ ಹೊಲಕ್ಕೆ ಆನೆ ಬಂದರೆ ಮೊದಲು ಓಡಿ ಬರುವವನು ಅವನೇ.

ಅಧಿಕಾರಿಗಳಿಗೂ ಊರಿನವರಿಗೂ ನಡುವೆ ಇಂಥ ನಂಬಿಕೆ ಈ ಕಾಡಿಗೆ ಹೊಸದಲ್ಲ. ಗೋಪಿನಾಥಂ ಕಾಡುಗಳ್ಳ ವೀರಪ್ಪನ್ ಹುಟ್ಟಿದ ಊರು. ಆ ಊರಿಗೆ ಹೋಗಿ ಜನರ ನಡುವೆ ಕೆಲಸ ಮಾಡಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಮಾರಿಯಮ್ಮನ ಗುಡಿ ಕಟ್ಟಿಸಿದರು, ಔಷಧೋಪಚಾರಕ್ಕೆ ದಾರಿ ಮಾಡಿದರು, ಮನೆ ಕಟ್ಟಿಕೊಳ್ಳಲು ನೆರವಾದರು. 1991ರ ನವೆಂಬರಿನಲ್ಲಿ ವೀರಪ್ಪನ್‌ನ ಶರಣಾಗತಿಯ ಮಾತಿಗೆಂದು ನಂಬಿ ಆಯುಧವಿಲ್ಲದೆ ಹೋದಾಗ ಅವನ ಗುಂಪು ಅವರನ್ನು ಕೊಂದಿತು. ಮರುವರ್ಷ ಸರ್ಕಾರ ಕೀರ್ತಿ ಚಕ್ರ ನೀಡಿತು. ಅದೇ ವರ್ಷ, 1992ರ ಆಗಸ್ಟ್ 14ರಂದು, ಇದೇ ಮೀಣ್ಯಂ ಬಳಿ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ ಮತ್ತು ಶಕೀಲ್ ಅಹಮದ್ ಅದೇ ಗುಂಪಿನ ಹೊಂಚಿನ ದಾಳಿಗೆ ಬಲಿಯಾದರು. ಸೇಡಿಗೆ ಸೇಡು ಎಂಬ ಆ ವರ್ಷಗಳಲ್ಲಿ ಎರಡೂ ಕಡೆಯ ಸಿಟ್ಟಿನ ನಡುವೆ ಸಿಕ್ಕಿ ನಲುಗಿದವರು ಈ ಹಳ್ಳಿಗಳ ಸಾಮಾನ್ಯ ಜನ. ಇಷ್ಟಾದ ಮೇಲೂ ಗೋಪಿನಾಥಂನಲ್ಲಿ ಜನ ಇವತ್ತಿಗೂ ಶ್ರೀನಿವಾಸರನ್ನು ಕೈಮುಗಿದು ನೆನೆಯುತ್ತಾರೆ.

ಅನ್ಯಾಯದ ಮೇಲೆ ಬರುವ ಸಿಟ್ಟನ್ನು ನುಂಗಿಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ರಸ್ತೆ ಇಲ್ಲ, ನೀರಿಲ್ಲ, ಕರೆಂಟಿಲ್ಲ ಎಂದು ಬೆಟ್ಟದ ಊರುಗಳು ಕೇಳುತ್ತ ಬಂದಿರುವುದು ನ್ಯಾಯವಾದ ಮಾತು. 2024ರ ಏಪ್ರಿಲ್ 26ರಂದು, ಮತದಾನದ ದಿನ, ಇಂಡಿಗನತ್ತ ಎಂಬ ಬೆಟ್ಟದ ಊರಿನಲ್ಲಿ ಆ ಸಿಟ್ಟು ಮತಗಟ್ಟೆಯ ಮೇಲೆ ಹೋಯಿತು. ಯಂತ್ರ ಒಡೆಯಿತು, ಕಲ್ಲು ಬಿತ್ತು. ಏಪ್ರಿಲ್ 29ರಂದು ಮರುಮತದಾನ ನಡೆಯಿತು. ಅದುವರೆಗೆ ಪತ್ರಿಕೆಗಳಲ್ಲಿ ಬರಬೇಕಾಗಿದ್ದದ್ದು ರಸ್ತೆಯ ಸುದ್ದಿ. ಆ ದಿನದಿಂದ ಬಂದದ್ದು ಕೇಸಿನ ಸುದ್ದಿ. ಕೇಳಬೇಕಾದವರಿಗೆ ಕೇಳದಿರಲು ಒಂದು ನೆಪ ಸಿಕ್ಕಿತು. ಹೂಗ್ಯಂನಲ್ಲೂ ಹಾಗೆಯೇ ಆಯಿತು. ದನ ಕಳೆದುಕೊಂಡವರ ಪರಿಹಾರದ ಮಾತು ಹಿಂದೆ ಸರಿಯಿತು. ಕಾಡಿಗೆ ದನ ಬಿಡಲೇಬಾರದು ಎಂಬ ಮಾತು ಮುಂದೆ ಬಂತು. ಏನೂ ತಪ್ಪು ಮಾಡದ ಎಷ್ಟೋ ದನಗಾಹಿಗಳು ಅದರ ಬಿಸಿ ಉಂಡರು.

ಹಾಗಾದರೆ ದನ ಹೋದಾಗ ಏನು ಮಾಡಬೇಕು? ಕಳೇಬರವನ್ನು ಮುಟ್ಟದೆ ದೂರದಿಂದ ಫೋಟೋ ತೆಗೆದುಕೊಳ್ಳಿ. ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಹತ್ತಿರದ ಅರಣ್ಯ ಕಚೇರಿಗೆ ಒಬ್ಬರೇ ಹೋಗದೆ ಇಬ್ಬರು ಹೋಗಿ. ಸಿಬ್ಬಂದಿ ಬಂದು ನೋಡಿ ಬರೆದುಕೊಳ್ಳುವವರೆಗೆ ಕಳೇಬರ ಇದ್ದಲ್ಲೇ ಇರಲಿ, ಪಶುವೈದ್ಯರ ವರದಿ ಪಡೆಯಿರಿ. ಅರ್ಜಿ ಬರೆಯಲು ಬಾರದವರಿಗೆ ಓದಿದ ಮಕ್ಕಳು ಬರೆದುಕೊಡಿ. ಡೇರಿಯ ಕಾರ್ಯದರ್ಶಿಗಳು, ಶಾಲೆಯ ಮೇಷ್ಟ್ರುಗಳು, ಆಶಾ ಕಾರ್ಯಕರ್ತೆಯರು ಇಂಥ ಹೊತ್ತಿನಲ್ಲಿ ದೊಡ್ಡ ಆಸರೆ. ಹುಲಿಯನ್ನು ಕೊಂದರೆ 1972ರ ವನ್ಯಜೀವಿ ಕಾಯ್ದೆಯಡಿ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು ಆಗಬಹುದು. ಹಸುವೂ ಹೋಗಿ, ದುಡಿಯುವವರೂ ಜೈಲಿಗೆ ಹೋದರೆ ಆ ಮನೆಯ ಹೆಂಗಸರು, ಮಕ್ಕಳ ಗತಿ ಏನಾದೀತು ಎಂದು ಯೋಚಿಸಿ. ಆ ದಿನ ಹಾಲಿಲ್ಲದ ಮನೆಗೆ ಪಕ್ಕದವರು ಒಂದು ಲೋಟ ಹಾಲು ಕೊಟ್ಟರೆ, ಅದು ಯಾವ ಸಮಾಧಾನದ ಮಾತಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಆ ಔಷಧದ ಡಬ್ಬಿ. ಹೊಲಕ್ಕೆ ಹೊಡೆಯುವ ಕೀಟನಾಶಕ ನಮ್ಮ ಮನೆಗಳಲ್ಲಿ ಎಲ್ಲಿರುತ್ತದೆ? ಅಟ್ಟದ ಮೇಲೆ, ಕೊಟ್ಟಿಗೆಯ ಗೂಡಿನಲ್ಲಿ, ಕೆಲವು ಕಡೆ ಅಡುಗೆಮನೆಯ ಮೂಲೆಯಲ್ಲಿ. ಕೈಗೆ ಸಿಗುವ ಹಾಗೆ. 2018ರ ಡಿಸೆಂಬರ್ 14ರಂದು ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದು 17 ಜನ ಸತ್ತರು. ಪ್ರಸಾದದಲ್ಲಿ ಇದ್ದದ್ದು ಕೀಟನಾಶಕ. ಗುಡಿಯ ಆಡಳಿತದ ಮೇಲಿನ ದ್ವೇಷದಿಂದ ಅದನ್ನು ಬೆರೆಸಿದರು ಎಂಬುದು ಆ ಪ್ರಕರಣದ ಆರೋಪ. ಹುಲಿ, ಮನುಷ್ಯ ಎಂಬ ಭೇದ ಆ ಡಬ್ಬಿಗಿಲ್ಲ. ಗಂಡ ಹೆಂಡತಿಯ ಜಗಳದಲ್ಲಿ, ಅಪ್ಪ ಬೈದ ಬೇಸರದಲ್ಲಿ, ಸಾಲ ಕೊಟ್ಟವರು ಬೀದಿಯಲ್ಲಿ ನಿಂತು ಕೂಗಿದ ಅವಮಾನದಲ್ಲಿ ಎಷ್ಟು ಜನ ಅದನ್ನು ತಮ್ಮ ಬಾಯಿಗೇ ಸುರಿದುಕೊಂಡಿದ್ದಾರೆ ಎಂಬುದು ನಮ್ಮ ಪ್ರತಿ ಊರಿಗೂ ಗೊತ್ತಿದೆ.

ಶ್ರೀಲಂಕಾದ ಅನುಭವ ಇಲ್ಲಿ ನಮಗೆ ಬೇಕು. ಆ ದೇಶ 1995ರ ಸುಮಾರಿನಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಶೇಕಡಾ 70ರಷ್ಟು ಇಳಿಯಿತು. ಅಲ್ಲಿನ ಜನರ ಕಷ್ಟ, ಸಿಟ್ಟು, ದುಃಖ ಅಷ್ಟು ಇಳಿದಿರಲಿಲ್ಲ. ಆ ಕ್ಷಣದಲ್ಲಿ ಕೈಗೆ ಸಿಗುವ ವಸ್ತು ಅಷ್ಟು ಘೋರವಾಗಿರಲಿಲ್ಲ, ಅಷ್ಟೆ. ಕ್ಷಣ ದಾಟಿತು, ಜನ ಬದುಕಿದರು. ಆದ್ದರಿಂದ ಔಷಧದ ಡಬ್ಬಿಗೆ ಬೀಗವಿರುವ ಪೆಟ್ಟಿಗೆ ಮಾಡಿಸಿ. ಬೀಗದ ಕೈ ಮನೆಯಲ್ಲಿ ತಾಳ್ಮೆ ಹೆಚ್ಚಿರುವವರ ಹತ್ತಿರ ಇರಲಿ. ಬೇಕಾದಷ್ಟೇ ಕೊಳ್ಳಿ, ಉಳಿದದ್ದನ್ನು ಕೂಡಿಡಬೇಡಿ.

ಮನೆಯ ಒಳಗಿನ ಸಿಟ್ಟಿನ ಬಗ್ಗೆ ಹೆಚ್ಚು ಹೇಳಲಾರೆ. ಅದು ಅವರವರ ಮನೆಯವರಿಗೆ ಗೊತ್ತು. ಒಂದು ಉಪಾಯ ಮಾತ್ರ ಹೇಳುತ್ತೇನೆ. ಬೈಗುಳ ಬಿಡಬೇಕೆನ್ನುವವರು ಮನೆಯಲ್ಲಿ ಒಬ್ಬರನ್ನು ಕಾವಲಿಗೆ ಇಟ್ಟುಕೊಳ್ಳಿ. ಮಗಳಾದರೆ ಒಳ್ಳೆಯದು. ಕೆಟ್ಟ ಮಾತು ಬಂದಾಗ ಮಗಳು ನಿಮ್ಮ ಭುಜ ಮುಟ್ಟಲಿ, ಮಾತು ಬೇಡ. ಯಾವ ಹೊತ್ತಿನಲ್ಲಿ ಹೆಚ್ಚು ಬರುತ್ತದೆ ಎಂಬುದು ಕೆಲವೇ ದಿನಗಳಲ್ಲಿ ತಿಳಿಯುತ್ತದೆ. ಕೆಲವರಿಗೆ ಹಸಿವಿನ ಹೊತ್ತು, ಕೆಲವರಿಗೆ ಕುಡಿದ ಹೊತ್ತು, ಕೆಲವರಿಗೆ ಸಾಲದ ಕಂತಿನ ದಿನ. ಹೊತ್ತು ತಿಳಿದರೆ ಅರ್ಧ ಕೆಲಸ ಆಯಿತು. ಸಿಟ್ಟು ಕೈ ಮೀರುತ್ತಿದೆ, ಮನೆಯವರು ನಿಮಗೆ ಹೆದರುತ್ತಿದ್ದಾರೆ ಎನಿಸಿದರೆ ನಾಚಿಕೆ ಬೇಡ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಹಣ ಕೊಡಬೇಕಾಗಿಲ್ಲ. ಹೊಡೆತ ತಿನ್ನುತ್ತಿರುವ ತಾಯಂದಿರಿಗೆ 181, ಮಕ್ಕಳಿಗೆ 1098. ಸಹಿಸಿಕೊಂಡು ಕೂರುವುದು ನಿಮ್ಮ ಧರ್ಮವಲ್ಲ.

ಕೊನೆಗೆ ಪಂಚಾಯಿತಿಯ ಮಾತು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಮುಂದಿನ ಸಭೆಗೆ ನೀವು ಹೋಗಿ, ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ಮೂರು ವಿಷಯ ಎತ್ತಿ. ಡೇರಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣದ ಗೋಡೆಗಳ ಮೇಲೆ 1926 ಮತ್ತು 14416 ದೊಡ್ಡದಾಗಿ ಬರೆಸುವುದು. ಕೀಟನಾಶಕ ಇಡುವ ಬೀಗದ ಪೆಟ್ಟಿಗೆಯನ್ನು ಕಡಿಮೆ ಬೆಲೆಗೆ ಮಾಡಿಸಿಕೊಡುವುದು. ಅರಣ್ಯ ಇಲಾಖೆಯವರನ್ನು ಸಭೆಗೆ ಕರೆದು, ಬಾಕಿ ಇರುವ ಪರಿಹಾರದ ಅರ್ಜಿಗಳನ್ನು ಒಂದೊಂದಾಗಿ ಓದಿಸುವುದು. ಸಭೆಯಲ್ಲಿ ಗಂಟಲು ಏರಬಹುದು, ಏರಲಿ. ಯಾರಾದರೂ ಕೆಟ್ಟ ಮಾತು ಆಡಿದರೆ ಪಕ್ಕದಲ್ಲಿರುವವರು ಮೆಲ್ಲಗೆ ಕೈ ಹಿಡಿದು ಕೂರಿಸಿ.

ಸಭೆಯವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಇದನ್ನು ಓದಿದ ಮೇಲೆ 1926, 14416 ಎಂಬ ಎರಡು ಸಂಖ್ಯೆಗಳನ್ನು ನಿಮ್ಮ ಫೋನಿನಲ್ಲಿ ಸೇರಿಸಿಕೊಳ್ಳಿ. ಸೇರಿಸಲು ಬಾರದ ಹಿರಿಯರ ಫೋನಿಗೆ ನೀವೇ ಸೇರಿಸಿಕೊಡಿ.